ಮಂಜೇಶ್ವರದಲ್ಲಿ ಹುಟ್ಟಿದ ಸೇನೆ

(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಭಾಷಣಕ್ಕೆ ನಿಂತವನು ಮೊದಲು ತನ್ನ ಅಯೋಗ್ಯತೆಯನ್ನು ವಿಸ್ತಾರವಾಗಿ ವರ್ಣಿಸುವುದು ನಮ್ಮ ಕಡೆಯ ಸಂಪ್ರದಾಯ. ಅದನ್ನು ಇಂದು ಬಿಟ್ಟುಬಿಡುತ್ತೇವೆ. ಹಿಂದಿನ ಕೊಠಡಿಯಲ್ಲಿ ಮಕ್ಕಳಿಗೆ ಯಕ್ಷಗಾನದ ಬಣ್ಣ ಹಚ್ಚುತ್ತಿದ್ದಾರೆ. ಬಣ್ಣ ಒಣಗಿದ ಮೇಲೆ ವೇಷಗಳನ್ನು ಹೆಚ್ಚು ಹೊತ್ತು ಕಾಯಿಸಬಾರದೆಂಬುದು ನಮಗೂ ತಿಳಿದಿದೆ.

ಇಂದು ಬೆಳಿಗ್ಗೆ ಈ ಅಂಗಳಕ್ಕೆ ಬಂದಾಗ ಏಳನೆಯ ತರಗತಿಯ ಒಬ್ಬ ಬಾಲಕನು ನಮ್ಮೊಡನೆ ಮಾತಿಗೆ ಬಂದನು. ಸಂಜೆ ಯಾವ ವಿಷಯವಾಗಿ ಮಾತನಾಡುತ್ತೀರಿ ಎಂದು ಕೇಳಿದನು. ಮಂಜೇಶ್ವರದಲ್ಲಿ ಹುಟ್ಟಿದ ಒಂದು ಸೇನೆಯ ವಿಷಯ ಎಂದೆವು. ಅವನ ಕಣ್ಣು ಅರಳಿತು. "ಅವರ ಹತ್ತಿರ ಎಷ್ಟು ಕೋವಿ ಇತ್ತು?" ಎಂದು ಕೇಳಿದನು. ಒಂದೂ ಇರಲಿಲ್ಲವೆಂದಾಗ ಅವನಿಗೆ ಆದ ನಿರಾಸೆಯನ್ನು ಇಲ್ಲಿ ವರ್ಣಿಸಲಾರೆವು. ಅವನು ಈಗ ಈ ಸಭೆಯಲ್ಲಿಯೇ ಎಲ್ಲಿಯೋ ಕುಳಿತಿದ್ದಾನೆ. ಈ ಮಾತುಗಳನ್ನು ಮುಖ್ಯವಾಗಿ ಅವನಿಗಾಗಿಯೇ ಆಡುತ್ತಿದ್ದೇವೆಂದು ತಿಳಿದರೂ ಆದೀತು.

1957ನೆಯ ಇಸವಿ. ರಾಜ್ಯಗಳ ಪುನರ್ವಿಂಗಡಣೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತ್ತು. ಈ ನೆಲದ ಕನ್ನಡಿಗರ ಮನಸ್ಸು ಆ ದಿನಗಳಲ್ಲಿ ಹೇಗೆ ಕುದಿಯುತ್ತಿದ್ದಿತೆಂಬುದನ್ನು ತಮ್ಮ ಮನೆಗಳ ಹಿರಿಯರ ಬಾಯಿಂದ ತಾವು ಕೇಳಿಯೇ ಇರುವಿರಿ. ಅಂಥ ಸಮಯದಲ್ಲಿ, ಏಪ್ರಿಲ್ ತಿಂಗಳಲ್ಲಿ ಕೇರಳವನ್ನು ಪ್ರವೇಶಿಸಿದ ಆಚಾರ್ಯ ವಿನೋಬಾ ಭಾವೆಯವರು ದಕ್ಷಿಣದಿಂದ ಉತ್ತರಕ್ಕೆ ಊರಿಂದೂರಿಗೆ ನಡೆಯುತ್ತ, ಆಗಸ್ಟ್ ತಿಂಗಳಲ್ಲಿ ಮಂಜೇಶ್ವರಕ್ಕೆ ಬಂದರು. ಅರುವತ್ತೆರಡನೆಯ ವಯಸ್ಸಿನ ಹೊಸ್ತಿಲಲ್ಲಿದ್ದ, ಬಡಕಲು ದೇಹದ, ಎದೆಯವರೆಗೆ ಗಡ್ಡ ಇಳಿಬಿಟ್ಟ ಮುದುಕರು. ಜನ್ಮಸ್ಥಳ ಮಹಾರಾಷ್ಟ್ರದ ಗಾಗೋದೆ. ತಾಯಿ ಮಾತ್ರ ಕನ್ನಡನಾಡಿನ ಹೆಣ್ಣುಮಗಳು. 1942ರ ಚಳವಳಿಯ ಕಾಲದಲ್ಲಿ ವೆಲ್ಲೂರಿನ ಸೆರೆಮನೆಯಲ್ಲಿದ್ದಾಗ ದಕ್ಷಿಣದ ನಾಲ್ಕು ಭಾಷೆಗಳನ್ನೂ ಅವರು ಕಲಿತಿದ್ದರು. ಸೆರೆಮನೆಯಲ್ಲಿ ಕುಳಿತು ನಾಲ್ಕು ಭಾಷೆ ಕಲಿತವರಿದ್ದಾರೆ, ಮಕ್ಕಳೇ. ಮನೆಯಲ್ಲಿ ಕುಳಿತು ಎರಡು ಭಾಷೆಗಳ ಕಾಗುಣಿತಕ್ಕೆ ಬೇಸರಪಡುವವರೂ ಇದ್ದಾರೆ!

ಕೇರಳದ ಯಾತ್ರೆಯ ಕೊನೆಯ ತಂಗುದಾಣವಾದ ಮಂಜೇಶ್ವರದಲ್ಲಿ, 1957ರ ಆಗಸ್ಟ್ 23ರಂದು, ಎಂಟು ಮಂದಿ ವಿನೋಬಾರವರ ಸಮ್ಮುಖದಲ್ಲಿ ನಿಂತು ಪ್ರತಿಜ್ಞೆ ಸ್ವೀಕರಿಸಿದರು. ಸತ್ಯ ಅಹಿಂಸೆಗಳಲ್ಲಿ ನಂಬಿಕೆಯಿಡುವುದು, ಜಾತಿಮತಗಳ ಭೇದವೆಣಿಸದಿರುವುದು, ಅಧಿಕಾರ ರಾಜಕಾರಣದಿಂದ ದೂರವಿರುವುದು, ಕಲಹವೆದ್ದಲ್ಲಿ ಪ್ರಾಣದ ಹಂಗು ತೊರೆದು ಹೋಗಿ ನಿಲ್ಲುವುದು, ಹೀಗೆ. ಅದುವೇ ಶಾಂತಿಸೇನೆ. ಮೊದಲ ಸೇನಾಪತಿ ಕೆ. ಕೇಳಪ್ಪನ್. ಎಂಟು ಮಂದಿಯ ಸೇನೆಗೆ ಒಬ್ಬ ಸೇನಾಪತಿಯೇ ಎಂದು ಆ ದಿನ ನಕ್ಕವರೂ ಇದ್ದಿರಬಹುದು. ಆ ದಿನಗಳಲ್ಲಿ ಅದೇ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳು ವಾಸವಾಗಿದ್ದರೆಂಬುದನ್ನು ನಾವೆಲ್ಲರೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಈ ಸೇನೆಯ ಮಾತನ್ನು ನಮ್ಮ ಊರುಗಳ ಯಾವ ಸಭೆಯಲ್ಲಿಯೂ ನಾವು ಹೆಚ್ಚಾಗಿ ಕೇಳಿಲ್ಲ.

ಕೇಳಪ್ಪನ್ ಎಂಬವರು ಯಾರು? ಅವರ ವಿಷಯವಾಗಿ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕಾಗಿದೆ. ಶಾಂತಿಯೆಂದರೆ ಜಗಳವಾಗದಂತೆ ಬಾಯಿಮುಚ್ಚಿಕೊಂಡಿರುವುದು ಎಂಬ ಅಭಿಪ್ರಾಯವು ಜನರಲ್ಲಿದೆಯಲ್ಲವೇ, ಅದಕ್ಕೆ ಅವರ ಜೀವನವೇ ಉತ್ತರವಾಗಿದೆ. 1924ರಲ್ಲಿ ವೈಕಂ ದೇವಾಲಯದ ಸುತ್ತಣ ಹಾದಿಗಳಲ್ಲಿ ಅಸ್ಪೃಶ್ಯರೆನಿಸಿದವರು ನಡೆಯಕೂಡದೆಂಬ ಕಟ್ಟಳೆಯಿದ್ದಿತು. ಕಟ್ಟಳೆಯ ವಿರುದ್ಧ ಎದ್ದ ಸತ್ಯಾಗ್ರಹದ ಮುಂಚೂಣಿಯಲ್ಲಿ ಕೇಳಪ್ಪನ್ ಇದ್ದರು. ತಮ್ಮ ಹೆಸರಿನ ಬಾಲದಲ್ಲಿದ್ದ ಜಾತಿಸೂಚಕ ಪದವನ್ನು ಕಿತ್ತೊಗೆದರು. 1930ರ ಏಪ್ರಿಲ್‌ನಲ್ಲಿ ಕೋಝಿಕ್ಕೋಡಿನಿಂದ ನಮ್ಮ ನೆರೆಯ ಪಯ್ಯನ್ನೂರಿನ ಕಡಲತಡಿಗೆ ಉಪ್ಪಿನ ಸತ್ಯಾಗ್ರಹದ ದಂಡನ್ನು ನಡೆಸಿಕೊಂಡು ಬಂದವರೂ ಅವರೇ. 1931ರ ನವೆಂಬರ್‌ನಲ್ಲಿ ಗುರುವಾಯೂರು ದೇವಾಲಯದ ಬಾಗಿಲು ಸಕಲ ಹಿಂದುಗಳಿಗೂ ತೆರೆಯಬೇಕೆಂದು ಸತ್ಯಾಗ್ರಹ ಹೂಡಿದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅಲ್ಲಿಯೇ ಆಮರಣ ಉಪವಾಸಕ್ಕೆ ಕುಳಿತರು. ಹತ್ತನೆಯ ದಿನದ ಸುಮಾರಿಗೆ ಗಾಂಧೀಜಿಯವರ ಮಾತಿಗೆ ಮಣಿದು ಉಪವಾಸವನ್ನು ನಿಲ್ಲಿಸಿದರು. ಬಾಗಿಲು ತೆರೆದುದು 1947ರಲ್ಲಿ. ಹದಿನೈದು ವರುಷ! ಮಕ್ಕಳೇ, ತಾವು ಈ ಶಾಲೆಯಲ್ಲಿ ಸೇರಿ ಹೊರಬೀಳುವಷ್ಟು ಕಾಲವೂ ಅದರ ಮುಂದೆ ಸಣ್ಣದು.

ಇಂಥವರನ್ನು ವಿನೋಬಾರವರು ಶಾಂತಿಸೇನೆಗೆ ಮುಖಂಡರನ್ನಾಗಿ ಆರಿಸಿದರು. ಜೀವನವೆಲ್ಲ ಊರಿನ ಪ್ರಬಲರನ್ನು ಎದುರುಹಾಕಿಕೊಂಡವರು, ಸೆರೆಮನೆ ಕಂಡವರು ಶಾಂತಿಯ ಸೇನಾಪತಿಯಾದರು. ಇದರಲ್ಲಿ ವಿರೋಧವಿದೆಯೆಂದು ನಮಗೂ ಚಿಕ್ಕಂದಿನಲ್ಲಿ ತೋರುತ್ತಿದ್ದಿತು. ಈಗ ಹಾಗೆ ತೋರುವುದಿಲ್ಲ. ಬಾವಿಯ ಕಟ್ಟೆಗೆ ಒಬ್ಬನನ್ನು ಸೇರಿಸದೆ ಇಟ್ಟ ಊರಿನಲ್ಲಿ ಗಲಾಟೆಯಿಲ್ಲದಿರಬಹುದು, ಆದರೆ ಅದು ಗಲಾಟೆ ಮಾಡಲು ಅವನಿಗೆ ಶಕ್ತಿಯಿಲ್ಲದ್ದರಿಂದ ಅಷ್ಟೆ. ವಿನೋಬಾರವರ ಭೂದಾನವಾದರೂ ಹುಟ್ಟಿದುದು ಹೇಗೆ? 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ. ಭೂಮಿಯ ವಿಷಯವಾಗಿ ರಕ್ತಪಾತವಾಗುತ್ತಿದ್ದ ಸೀಮೆ ಅದು. ಅಲ್ಲಿಯ ನಲವತ್ತು ಹರಿಜನ ಕುಟುಂಬಗಳು (ಅಂದಿನವರು ಆಡುತ್ತಿದ್ದ ಶಬ್ದವಿದು) ತಮಗೆ ಎಂಬತ್ತು ಎಕರೆ ನೆಲ ದೊರೆತರೆ ದುಡಿದು ಉಣ್ಣುವೆವು ಎಂದವು. ಸಭೆಯಲ್ಲಿದ್ದ ವೆದಿರೆ ರಾಮಚಂದ್ರ ರೆಡ್ಡಿ ಎಂಬ ಭೂಮಾಲೀಕರು ಎದ್ದು ನೂರು ಎಕರೆ ಕೊಡುವೆನೆಂದರು. ಭೂದಾನದಲ್ಲಿ ಬಂದ ನೆಲವೆಲ್ಲವೂ ಬಡವನ ಕೈಗೆ ಮುಟ್ಟಲಿಲ್ಲ. ಎಷ್ಟೋ ನೆಲ ಕಲ್ಲುಗುಡ್ಡವಾಗಿತ್ತು, ಎಷ್ಟೋ ನೆಲ ವ್ಯಾಜ್ಯದಲ್ಲಿತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೂ ಹೊಟ್ಟೆಯ ಪ್ರಶ್ನೆಯನ್ನು ಬದಿಗಿರಿಸಿ ಶಾಂತಿಯ ಮಾತನಾಡಬಾರದೆಂಬ ವಿವೇಕ ಆ ಮುದುಕರಿಗೆ ಇತ್ತು. ಮಂಜೇಶ್ವರದಿಂದ ಮೈಸೂರು ರಾಜ್ಯಕ್ಕೆ ಕಾಲಿಟ್ಟು ಒಂದು ತಿಂಗಳು ಕಳೆಯುವುದರೊಳಗೆ, ಸೆಪ್ಟೆಂಬರ್ 21 ಮತ್ತು 22ರಂದು, ಮೈಸೂರಿನ ಬಳಿಯ ಯಲವಾಲದಲ್ಲಿ ಗ್ರಾಮದಾನದ ಪರಿಷತ್ತು ನಡೆಯಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರೂ, ಪ್ರಧಾನಿ ನೆಹರೂ ಅವರೂ, ಕೇರಳದ ಮುಖ್ಯಮಂತ್ರಿ ಇ. ಎಂ. ಎಸ್. ನಂಬೂದಿರಿಪಾಡರೂ ಒಂದೇ ಸಭೆಯಲ್ಲಿ ಕುಳಿತರು. ಬೇರೆ ಬೇರೆ ಮತದ ರಾಜಕಾರಣಿಗಳು ಜಗಳವಾಡದೆ ಎರಡು ದಿನ ಕುಳಿತುದು ಆ ಕಾಲಕ್ಕೂ ಅಪರೂಪವೇ ಆಗಿದ್ದಿತು.

ಶಾಂತಿಸೇನೆಯ ಕಲ್ಪನೆ ವಿನೋಬಾರವರದಲ್ಲ, ಗಾಂಧೀಜಿಯವರದು. 1938ರ ಜೂನ್‌ನಲ್ಲಿ ತಮ್ಮ 'ಹರಿಜನ' ಪತ್ರಿಕೆಯಲ್ಲಿ ಶಾಂತಿದಳದವನಿಗೆ ಇರಬೇಕಾದ ಅರ್ಹತೆಗಳನ್ನು ಅವರು ಬರೆದಿದ್ದರು. ನಮಗೆ ಆಶ್ಚರ್ಯವೆನಿಸಿದ ಸಂಗತಿಯೆಂದರೆ, ಅದರಲ್ಲಿ ಶೌರ್ಯದ ಮಾತಿಗಿಂತಲೂ ನೆರೆಹೊರೆಯ ಮಾತೇ ಹೆಚ್ಚು. ಈ ಕೆಲಸವನ್ನು ಆಯಾ ಊರಿನವರು ಆಯಾ ಊರಿನಲ್ಲಿಯೇ ಮಾಡಬೇಕು, ಹೊರಗಿನಿಂದ ಬಂದವನಿಂದಾಗದು. ಗಲಭೆಯ ದಿನ ಮೊದಲ ಬಾರಿಗೆ ಮುಖ ತೋರಿಸಿದರೆ ಪ್ರಯೋಜನವಿಲ್ಲ. ಅದಕ್ಕೆ ಮುಂಚೆಯೇ ಮನೆಮನೆಯವರಿಗೆ ಏನಾದರೊಂದು ಸೇವೆ ಮಾಡಿ ಪರಿಚಿತನಾಗಿರಬೇಕು. ಪಕ್ಷಪಾತಿಯಲ್ಲವೆಂದು ಹೆಸರು ಪಡೆದಿರಬೇಕು. ಬೆಂಕಿ ಹತ್ತುವವರೆಗೆ ಕಾಯದೆ, ಹೊಗೆಯಾಡುವಾಗಲೇ ಹೋಗಬೇಕು. ಸೇನೆ ಕೂಡುವವರೆಗೆ ಸುಮ್ಮನಿರಬೇಕಾಗಿಯೂ ಇಲ್ಲ, ಒಬ್ಬನೇ ಆದರೂ ಆದೀತು. ಇದು ಅವರ ಅಭಿಪ್ರಾಯದ ಸಾರಾಂಶ.

ಆ ಸೇನೆಯು ಗಾಂಧೀಜಿಯವರ ಕಾಲದಲ್ಲಿ ಕೂಡಿಬರಲಿಲ್ಲ. ಒಬ್ಬೊಬ್ಬರೇ, ಇಬ್ಬಿಬ್ಬರೇ ಅದರಂತೆ ನಡೆದರು. 1946ರ ಜುಲೈ 1ರಂದು ಅಹಮದಾಬಾದಿನಲ್ಲಿ ಗಲಭೆಯೆದ್ದಾಗ ವಸಂತರಾವ್ ಹೆಗಿಷ್ಟೆ ಎಂಬವರೂ ರಜಬ್ ಅಲಿ ಲಾಖಾನಿ ಎಂಬವರೂ ಜನರ ಗುಂಪನ್ನು ತಡೆಯಲು ಜೊತೆಯಾಗಿ ಹೋದರು. ಒಬ್ಬರು ಹಿಂದು, ಒಬ್ಬರು ಮುಸಲ್ಮಾನ, ಇಬ್ಬರೂ ಸ್ನೇಹಿತರು. ಇಬ್ಬರನ್ನೂ ಕೊಂದರು. ಜುಲೈ 1ನ್ನು ಆ ನಗರದಲ್ಲಿ ಈಗಲೂ ಅವರ ನೆನಪಿನ ದಿನವಾಗಿ ಆಚರಿಸುತ್ತಾರೆ. ಕೋವಿಯಿಲ್ಲದ ಸೇನೆಯವರಿಗೆ ಅಪಾಯವಿಲ್ಲವೆಂದು ಭಾವಿಸಬಾರದು ಎಂದು ನಮ್ಮ ಏಳನೆಯ ತರಗತಿಯ ಮಿತ್ರನಿಗೆ ತಿಳಿಸುತ್ತೇವೆ.

ಇಲ್ಲಿ ನಮ್ಮ ಜೀವನದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆವು.

ನಾವು ಓದಿದ ಶಾಲೆಯಲ್ಲಿ ಒಂದೇ ಆವರಣದಲ್ಲಿ ಕನ್ನಡ ತರಗತಿಗಳೂ ಮಲಯಾಳ ತರಗತಿಗಳೂ ನಡೆಯುತ್ತಿದ್ದವು. ಎರಡಕ್ಕೂ ಒಂದೇ ಬಾವಿ, ಒಂದೇ ಆಟದ ಬಯಲು. ಮಧ್ಯಾಹ್ನ ಬಡಮಕ್ಕಳಿಗೆ ಹಳದಿ ಬಣ್ಣದ ಉಪ್ಪಿಟ್ಟು ಬಡಿಸುತ್ತಿದ್ದ ಕಾಲವದು. ಅದನ್ನು ಬೇಯಿಸುತ್ತಿದ್ದವರನ್ನು ಮಕ್ಕಳು ಉಪ್ಪಿಟ್ಟಿನಕ್ಕ ಎನ್ನುತ್ತಿದ್ದರು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ನಮ್ಮೊಡನೆ ಕನ್ನಡ, ಹೀಗೆ ಮೂರೂ ಅವರಿಗೆ ಸಲೀಸು. ಕೆಲವು ಮನೆಯವರು ತಮ್ಮ ಮಕ್ಕಳಿಗೆ ಬುತ್ತಿ ಕಟ್ಟಿ ಕಳುಹಿಸುತ್ತಿದ್ದರು. ಉಪ್ಪಿಟ್ಟು ಚೆನ್ನಾಗಿರಲಿಲ್ಲವೆಂದಲ್ಲ, ಅದರ ಪರಿಮಳವು ಇಂದಿಗೂ ನಮ್ಮ ಮೂಗಿನಲ್ಲಿದೆ. ಆ ಅಕ್ಕನ ಕೈಯಿಂದ ನೀರು ತೆಗೆದುಕೊಳ್ಳದ ಜಾತಿಯವರು ತಾವು ಎಂಬುದೇ ಕಾರಣ. ಬುತ್ತಿ ಕಳುಹಿಸುತ್ತಿದ್ದ ಆ ಮನೆಗಳಲ್ಲಿ ನಮ್ಮ ಮನೆಯೂ ಒಂದು.

ಒಂದು ದಿನ ಬಯಲಿನ ವಿಷಯವಾಗಿ ಎರಡು ಕಡೆಯ ಹುಡುಗರಲ್ಲಿ ಜಗಳವಾಯಿತು. ಕಲ್ಲು ಹಾರಿತು. ಒಬ್ಬ ಹುಡುಗನ ತಲೆಯೊಡೆದು ರಕ್ತ ಸುರಿಯಿತು. ಅವನನ್ನು ಆಸ್ಪತ್ರೆಗೆ ಒಯ್ದರು. ಮರುದಿನ ಬೆಳಿಗ್ಗೆ ಶಾಲೆಗೆ ಬರುವಷ್ಟರಲ್ಲಿ, ಹುಡುಗ ಸತ್ತನೆಂಬ ಸುದ್ದಿ ಹಬ್ಬಿತ್ತು. ಯಾರು ಹೇಳಿದರೆಂದು ಯಾರಿಗೂ ತಿಳಿಯದು. ಶಾಲೆಯ ತಡಮೆಯ ಹೊರಗೆ ಎರಡು ಗುಂಪುಗಳು ನಿಂತಿದ್ದವು. ಕೆಲವರ ಕೈಯಲ್ಲಿ ಬಡಿಗೆಗಳಿದ್ದವು. ಅಧ್ಯಾಪಕರು ಕೊಠಡಿಗಳ ಬಾಗಿಲು ಹಾಕಿಸಿ ಮಕ್ಕಳನ್ನು ಒಳಗೆ ಕೂರಿಸಿದರು. ನಾವು ಕಿಟಕಿಯಿಂದ ನೋಡುತ್ತಿದ್ದೆವು.

ಉಪ್ಪಿಟ್ಟಿನಕ್ಕ ಒಲೆಯ ಬಳಿಯಿಂದ ಹೊರಗೆ ಹೋದರು. ಕೈಯಲ್ಲಿ ಸಟ್ಟುಗ ಹಾಗೆಯೇ ಇದ್ದಿತು. ಎರಡು ಗುಂಪುಗಳ ನಡುವೆ ನಿಂತು, "ಹುಡುಗ ಸತ್ತಿಲ್ಲ. ನಿನ್ನೆ ರಾತ್ರಿ ಆಸ್ಪತ್ರೆಗೆ ಹೋಗಿ ನಾನೇ ನೋಡಿ ಬಂದಿದ್ದೇನೆ. ಗಂಜಿ ಕುಡಿದು ಮಲಗಿದ್ದಾನೆ. ನಂಬಿಕೆಯಿಲ್ಲದವರು ಇಬ್ಬಿಬ್ಬರು ಬನ್ನಿ, ಈಗಲೇ ಕರೆದುಕೊಂಡು ಹೋಗುತ್ತೇನೆ" ಎಂದರು. ಅದನ್ನೇ ಮಲಯಾಳದಲ್ಲಿಯೂ ಹೇಳಿದರು. ಗುಂಪಿನಲ್ಲಿದ್ದ ಒಬ್ಬಿಬ್ಬರನ್ನು ಹೆಸರು ಹಿಡಿದು ಕರೆದು, ಅವರವರ ಮಗುವಿಗೆ ಯಾವಾಗ ಜ್ವರ ಬಂದಿತ್ತು, ತಾವು ಯಾವಾಗ ಮನೆಗೆ ಮುಟ್ಟಿಸಿದ್ದೆವು ಎಂಬುದನ್ನು ನೆನಪಿಸಿದರೆಂದು ಆಮೇಲೆ ಕೇಳಿದೆವು. ಎರಡೂ ಕಡೆಯಿಂದ ಇಬ್ಬಿಬ್ಬರು ಆಸ್ಪತ್ರೆಗೆ ಹೋಗಿ ಬಂದರು. ಬಡಿಗೆಗಳು ಎಲ್ಲಿಯೋ ಮಾಯವಾದವು. ಆ ದಿನ ಉಪ್ಪಿಟ್ಟು ಸ್ವಲ್ಪ ತಳ ಹಿಡಿದಿತ್ತು. ಉಂಡವರು ಹೇಳಿದ ಮಾತು.

ಉಂಡವರು ಎಂದೆವು. ನಾವು ಆ ದಿನವೂ ಬುತ್ತಿಯನ್ನೇ ಬಿಚ್ಚಿದೆವು. ಆ ಗುಂಪಿನಲ್ಲಿ ನಮ್ಮ ಮನೆಯ ಹಿರಿಯರೂ ಇದ್ದರು. ಅಕ್ಕನ ಮಾತನ್ನು ನಂಬಿ ಮನೆಗೆ ಮರಳಿದರು. ಮರುದಿನವೂ ನಮಗೆ ಬುತ್ತಿ ಕಟ್ಟಿಸಿದರು. ಮಾತನ್ನು ನಂಬಬಹುದು, ಕೈಯನ್ನು ನಂಬಲಾಗದು ಎಂಬ ಈ ವಿಚಿತ್ರ ಲೆಕ್ಕಾಚಾರ ಆಗ ನಮಗೆ ವಿಚಿತ್ರವೆನಿಸಲಿಲ್ಲ. ಅಕ್ಕ ಈಗ ಇಲ್ಲ. ನಾವು ದೊಡ್ಡವರಾದ ಮೇಲೆ ಒಮ್ಮೆಯಾದರೂ ಅವರ ಮನೆಗೆ ಹೋಗಿ ಒಂದು ಲೋಟ ನೀರು ಕೇಳಿ ಕುಡಿಯಬಹುದಿತ್ತು. ಹೋಗಲಿಲ್ಲ. ಗಾಂಧೀಜಿಯವರ 1938ರ ಲೇಖನವನ್ನು ನಾವು ಬಹಳ ತಡವಾಗಿ ಓದಿದೆವು. ಓದುತ್ತಿದ್ದಂತೆಯೇ, ಊರಿನವನೇ ಆಗಿರಬೇಕು, ಸೇವೆಯಿಂದ ಪರಿಚಿತನಾಗಿರಬೇಕು, ಪಕ್ಷಪಾತವಿರಬಾರದು ಎಂದು ಅವರು ಹೇಳುತ್ತಿರುವುದು ನಮಗೆ ತಿಳಿದವರೊಬ್ಬರ ವಿಷಯ ಎನಿಸಿ ಪುಸ್ತಕವನ್ನು ಮುಚ್ಚಿಟ್ಟೆವು.

ಇನ್ನು ಶಾಂತಿಸೇನೆಯ ಮುಂದಿನ ಕಥೆ. ಐದು ಸಾವಿರ ಜನರಿಗೆ ಒಬ್ಬ ಶಾಂತಿಸೈನಿಕನಂತೆ ದೇಶಕ್ಕೆ ಎಪ್ಪತ್ತು ಸಾವಿರ ಮಂದಿ ಬೇಕೆಂಬುದು ವಿನೋಬಾರವರ ಎಣಿಕೆಯಾಗಿತ್ತು. ಅಷ್ಟು ಮಂದಿ ಎಂದೂ ಕೂಡಲಿಲ್ಲ. ಕೂಡಿದವರಲ್ಲಿಯೂ ಹೆಸರು ಕೊಟ್ಟು ಸುಮ್ಮನಾದವರು ಇದ್ದರು. 1962ರಿಂದ ಜಯಪ್ರಕಾಶ ನಾರಾಯಣರು ಇದರ ಮಂಡಲಿಗೆ ಅಧ್ಯಕ್ಷರಾಗಿ, ನಾರಾಯಣ ದೇಸಾಯಿಯವರು ಕಾರ್ಯದರ್ಶಿಯಾಗಿ ದುಡಿದರು. 1969ರಲ್ಲಿ ಅಹಮದಾಬಾದು, 1970ರಲ್ಲಿ ಭಿವಂಡಿ ಉರಿದಾಗ ಇವರು ಅಲ್ಲಿಗೆ ಹೋದರು. ಇವರ ಕೆಲಸವೆಂದರೆ ನಮ್ಮ ಉಪ್ಪಿಟ್ಟಿನಕ್ಕನ ಕೆಲಸವೇ: ಸುದ್ದಿ ನಿಜವೋ ಸುಳ್ಳೋ ಎಂದು ಖುದ್ದಾಗಿ ಹೋಗಿ ನೋಡುವುದು, ನೋಡಿದ್ದನ್ನು ಎರಡೂ ಕೇರಿಗಳಲ್ಲಿ ಹೇಳುವುದು, ಹೆದರಿ ಮನೆಬಿಟ್ಟವರನ್ನು ಹಿಂದಕ್ಕೆ ಕರೆತರುವುದು, ಸುಟ್ಟ ಗುಡಿಸಲಿಗೆ ಮಾಡು ಹೊದೆಸುವುದು. ಮುಂದೆ ಜಯಪ್ರಕಾಶರ ಚಳವಳಿಯ ವಿಷಯವಾಗಿ ಸರ್ವೋದಯದವರಲ್ಲಿಯೇ ಒಡಕು ಬಂದಿತು. 1975ರ ತುರ್ತುಪರಿಸ್ಥಿತಿಯ ಕಾಲಕ್ಕೆ ಶಾಂತಿಸೇನೆಯು ಬಹುಮಟ್ಟಿಗೆ ಚದುರಿಹೋಯಿತು. ಊರಿನವರ ಜಗಳ ಬಿಡಿಸಲು ಹೊರಟವರು ತಮ್ಮ ಜಗಳದಿಂದ ಚದುರಿದರೆಂಬುದು ವ್ಯಥೆಯ ವಿಚಾರ. ಆದರೂ ಬೀಜ ಸಾಯಲಿಲ್ಲ. 1981ರಲ್ಲಿ ಕೆನಡಾದಲ್ಲಿ ಅಂತಾರಾಷ್ಟ್ರೀಯ ಶಾಂತಿದಳವೊಂದು ಹುಟ್ಟಿದಾಗ ಅದರ ಸ್ಥಾಪಕರಲ್ಲಿ ನಾರಾಯಣ ದೇಸಾಯಿಯವರೂ ಒಬ್ಬರಾಗಿದ್ದರು. ಅದರವರು ಗ್ವಾಟೆಮಾಲ, ಕೊಲಂಬಿಯ ಮೊದಲಾದ ದೂರದೇಶಗಳಲ್ಲಿ, ನ್ಯಾಯ ಕೇಳಿದ್ದಕ್ಕಾಗಿ ಕೊಲೆಯ ಬೆದರಿಕೆ ಪಡೆದವರ ಪಕ್ಕದಲ್ಲಿ ನಿರಾಯುಧರಾಗಿ ನಡೆದಿದ್ದಾರೆ. ನಮ್ಮ ಮಂಜೇಶ್ವರದ ಎಂಟು ಮಂದಿಯ ಪ್ರತಿಜ್ಞೆಗೂ ಆ ನಡಿಗೆಗೂ ಸಂಬಂಧವಿದೆ.

ಈ ಪರಂಪರೆಯಲ್ಲಿ ಕನ್ನಡಿಗರೊಬ್ಬರ ಹೆಸರನ್ನು ಮಕ್ಕಳು ತಿಳಿದಿರಬೇಕು: ಎಸ್. ಎನ್. ಸುಬ್ಬರಾವ್. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1942ರ ಆಗಸ್ಟ್‌ನಲ್ಲಿ, ಹದಿಮೂರು ವಯಸ್ಸಿನ ಹುಡುಗ, ಬ್ರಿಟಿಷರೇ ತೊಲಗಿರೆಂದು ಗೋಡೆಯ ಮೇಲೆ ಬರೆದು ಪೊಲೀಸರ ಕೈಗೆ ಸಿಕ್ಕರು. (ಇದನ್ನು ಕೇಳಿ ಶಾಲೆಯ ಗೋಡೆಯ ಮೇಲೆ ಬರೆಯಲು ಯಾರೂ ಹೊರಡಬಾರದು, ಅಧ್ಯಾಪಕರು ಬ್ರಿಟಿಷರಲ್ಲ.) ಮುಂದೆ ಅವರು ಡಕಾಯಿತರಿಗೆ ಹೆಸರಾಗಿದ್ದ ಚಂಬಲ್ ಕಣಿವೆಗೆ ಹೋಗಿ, 1970ರಲ್ಲಿ ಜೌರಾ ಎಂಬಲ್ಲಿ ಆಶ್ರಮ ಕಟ್ಟಿದರು. 1972ರ ಏಪ್ರಿಲ್‌ನಲ್ಲಿ ಡಕಾಯಿತರು ಜಯಪ್ರಕಾಶರ ಸಮ್ಮುಖದಲ್ಲಿ ಅಲ್ಲಿಯೇ ಶಸ್ತ್ರಗಳನ್ನು ಕೆಳಗಿಟ್ಟರು. ಕೋವಿಗಳ ಲೆಕ್ಕ ಕೇಳಿದ ಹುಡುಗನು ಇಲ್ಲಿ ಲಕ್ಷ್ಯವಿಡಬೇಕು: ಈ ಸೇನೆಯ ಬಳಿ ಕೋವಿಯಿಲ್ಲದಿದ್ದರೂ ಇದರ ಮುಂದೆ ರಾಶಿಬಿದ್ದ ಕೋವಿಗಳು ಬೇಕಾದಷ್ಟಿದ್ದವು. ಸುಬ್ಬರಾವ್ ಅವರು ದೇಶದ ಮೂಲೆಮೂಲೆಯ ಯುವಕ ಯುವತಿಯರನ್ನು ಶಿಬಿರಗಳಲ್ಲಿ ಕೂಡಿಸಿ, ಒಬ್ಬರ ಭಾಷೆಯ ಹಾಡನ್ನು ಇನ್ನೊಬ್ಬರಿಂದ ಹಾಡಿಸುತ್ತಿದ್ದರು. ಹದಿನೆಂಟು ಭಾಷೆಗಳ ಹಾಡುಗಳ ಕಾರ್ಯಕ್ರಮವೇ ಅವರದಿತ್ತು. 2021ರ ಅಕ್ಟೋಬರ್‌ನಲ್ಲಿ ತೀರಿಕೊಳ್ಳುವವರೆಗೂ ಅದೇ ಅರ್ಧ ಚಡ್ಡಿ, ಅದೇ ಖಾದಿ ಅಂಗಿ.

ಸಭೆ ಕೂಡುವುದೆಂದರೆ ಬರಿಯ ಭಾಷಣವೆಂದು ನಾವು ತಿಳಿದಿದ್ದೇವೆ. ಹಳೆಯವರು ಹಾಗೆ ತಿಳಿದಿರಲಿಲ್ಲ. 1948ರ ಫೆಬ್ರವರಿ 12ರಂದು ಗಾಂಧೀಜಿಯವರ ಚಿತಾಭಸ್ಮವನ್ನು ತಿರುನಾವಾಯದ ಬಳಿ ಭಾರತಪ್ಪುಝೆಯಲ್ಲಿ ಬಿಟ್ಟ ಮೇಲೆ, ಕೇಳಪ್ಪನ್‌ರವರು ಅಲ್ಲಿ ವರ್ಷವರ್ಷವೂ ಸರ್ವೋದಯ ಮೇಳವನ್ನು ಕೂಡಿಸತೊಡಗಿದರು. ಬಂದವರು ತಾವೇ ನೂತ ನೂಲಿನ ಲಡಿಯೊಂದನ್ನು ಅರ್ಪಿಸಿ, ಜಾತಿಭೇದವಿಲ್ಲದೆ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಒಟ್ಟಿಗೆ ಉಣ್ಣುವುದು ಎಷ್ಟು ಕಠಿನವೆಂಬುದನ್ನು ಈಗಾಗಲೇ ನಮ್ಮ ಮನೆಯ ಕಥೆಯಿಂದ ತಾವು ತಿಳಿದಿದ್ದೀರಿ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಶಾಂತಿಸೇನೆ ಹುಟ್ಟಿದ ಅದೇ ಮಂಜೇಶ್ವರದಲ್ಲಿ ಉದ್ಯಾವರದ ಮಾಡವಿದೆ. ಅರಸು ದೈವಗಳ ಉತ್ಸವಕ್ಕೆ ಮುನ್ನ ದೈವದ ಪಾತ್ರಿಗಳು ಪರಿವಾರಸಮೇತರಾಗಿ ಉದ್ಯಾವರದ ಮಸೀದಿಗೆ ಹೋಗುವುದೂ, ಜಮಾಅತಿನವರನ್ನು ಉತ್ಸವಕ್ಕೆ ಕರೆಯುವುದೂ, ಅವರು ಬಂದು ಗೌರವ ಪಡೆಯುವುದೂ ತಲೆತಲಾಂತರದ ವಾಡಿಕೆ. ಯಾವ ಪ್ರತಿಜ್ಞಾಪತ್ರಕ್ಕೂ ಸಹಿ ಹಾಕದೆ ಜನರು ನಡೆಸಿಕೊಂಡು ಬಂದ ವ್ಯವಸ್ಥೆಯಿದು. ವಿನೋಬಾರವರಿಗೆ ಈ ಸಂಗತಿಯನ್ನು ಯಾರಾದರೂ ತಿಳಿಸಿದ್ದರೇ ಎಂದು ನಮಗೆ ಆಗಾಗ ಕುತೂಹಲವುಂಟಾಗುತ್ತದೆ. ಏಳು ಭಾಷೆಗಳ ನಾಡು ನಮ್ಮದೆಂದು ನಾವು ಹೆಮ್ಮೆಪಡುತ್ತೇವೆ. ಆ ಏಳರಲ್ಲಿ ನಮ್ಮ ಕನ್ನಡಕ್ಕೆ ಸಲ್ಲತಕ್ಕ ಸ್ಥಾನವು ಸಲ್ಲಬೇಕೆಂದು ಕೇಳುವುದು ನಮ್ಮ ಹಕ್ಕು. ಕೇಳುತ್ತಲೇ ಇರುತ್ತೇವೆ, ಅರ್ಜಿ ಹಾಕುತ್ತಲೇ ಇರುತ್ತೇವೆ. ಗುರುವಾಯೂರಿನ ಬಾಗಿಲಿಗೆ ಹದಿನೈದು ವರ್ಷ ಕಾದ ಸೇನಾಪತಿಯ ಸೇನೆಯು ಹುಟ್ಟಿದ ನೆಲದವರು ನಾವು. ಆದರೆ ನಮ್ಮ ಮಗುವೊಂದು ಪಕ್ಕದ ತರಗತಿಯ ಮಗುವಿನ ಭಾಷೆಯನ್ನು ಅಣಕಿಸಿದಾಗ ನಾವು ನಗುತ್ತೇವೆಯೋ ಗದರುತ್ತೇವೆಯೋ ಎಂಬುದನ್ನು ಪೋಷಕರು ತಮ್ಮಷ್ಟಕ್ಕೆ ನೋಡಿಕೊಳ್ಳಬೇಕಾಗಿ ಕೋರುತ್ತೇವೆ. ಅಂದು ತಡಮೆಯ ಬಳಿ ಹುಟ್ಟಿದಂಥ ಸುಳ್ಳುಸುದ್ದಿ ಇಂದು ಹಿರಿಯರ ಕೈಯಲ್ಲಿರುವ ಮೊಬೈಲಿನಲ್ಲಿ ಹುಟ್ಟುತ್ತದೆ, ಬೆಳಗಾಗುವುದಕ್ಕೂ ಕಾಯುವುದಿಲ್ಲ. ಆಸ್ಪತ್ರೆಗೆ ಹೋಗಿ ನೋಡಿ ಬಂದವರು ಯಾರು ಎಂದು ಮಕ್ಕಳು ಮನೆಯಲ್ಲಿ ಕೇಳಬೇಕು. ಕೇಳಿದರೆ ಹಿರಿಯರು ಕೋಪಿಸಿಕೊಳ್ಳಬಾರದು.

ಕೊನೆಯದಾಗಿ ಒಂದು ಕೆಲಸದ ಮಾತು. ಶಾಂತಿಸೇನೆಯ ಖರ್ಚಿಗೆ ಹಣವಂತರ ಮುಂದೆ ಕೈಚಾಚಬಾರದೆಂದು ವಿನೋಬಾರವರು ಒಂದು ಉಪಾಯ ಹೇಳಿದ್ದರು. ಪ್ರತಿ ಮನೆಯಲ್ಲಿಯೂ ಒಂದು ಪಾತ್ರೆಯಿಡಬೇಕು. ಮನೆಯ ಮಗು ದಿನವೂ ತನ್ನ ಪುಟ್ಟ ಕೈಯಿಂದ ಒಂದು ಹಿಡಿ ಧಾನ್ಯವನ್ನು ಅದರಲ್ಲಿ ಹಾಕಬೇಕು. ಅದಕ್ಕೆ ಸರ್ವೋದಯ ಪಾತ್ರೆ ಎಂದು ಹೆಸರು. ದೊಡ್ಡವರ ಕೈ ಕೂಡದು, ಮಗುವಿನದೇ ಆಗಬೇಕು. ಮಗುವಿನ ಮುಷ್ಟಿಯಲ್ಲಿ ಎಷ್ಟು ಹಿಡಿದೀತು? ಅಷ್ಟೇ ಸಾಕು.

ಸಂಸ್ಥೆಯ ಕಾರ್ಯದರ್ಶಿಗಳು ನಮ್ಮ ಕೋರಿಕೆಯನ್ನು ಮನ್ನಿಸಿ, ಕಚೇರಿಯ ಜಗಲಿಯಲ್ಲಿ ಒಂದು ಮಣ್ಣಿನ ಮಡಕೆಯನ್ನು ಇಡಿಸಿದ್ದಾರೆ. ಪಕ್ಕದಲ್ಲಿ ಒಂದು ಮೂಟೆ ಅಕ್ಕಿಯೂ ಇದೆ. ಮಕ್ಕಳೆಲ್ಲ ಸಾಲಾಗಿ ಹೋಗಿ ಒಂದೊಂದು ಹಿಡಿ ಹಾಕಲಿ. ತುಂಬಿದ ಅಕ್ಕಿಯಿಂದ ಜನವರಿ 30ರಂದು ಇದೇ ಅಂಗಳದಲ್ಲಿ ಪಾಯಸದ ಊಟ. ನೆರೆಯ ಮಲಯಾಳ ಶಾಲೆಯ ಮಕ್ಕಳನ್ನೂ ಅವರ ತಂದೆತಾಯಂದಿರನ್ನೂ ಕರೆಯಲು ಅಧ್ಯಾಪಕರು ಒಪ್ಪಿದ್ದಾರೆ. ಬಡಿಸುವವರು ಯಾರೆಂದು ಯಾರೂ ಮುಂಚಿತವಾಗಿ ವಿಚಾರಿಸಬೇಡಿ. ಅಂದು ಬುತ್ತಿ ತರಬೇಡಿ. ಪಂಕ್ತಿಯಲ್ಲಿ ನಾವೂ ಕುಳಿತುಕೊಳ್ಳುತ್ತೇವೆ.

ಒಂದನೆಯ ತರಗತಿಯವರು ಮೊದಲು ಹೋಗಲಿ. ಅವರ ಬಸ್ಸು ಬೇಗ ಹೊರಡುತ್ತದೆಯಂತೆ.